ಬಾಗಿಲು ತೆಗೆಯುವ ಮುಂಚೆ

ಹೊಸಪೇಟೆ
ಮಂಗಳವಾರ, ಬೆಳಿಗ್ಗೆ

ಅಕ್ಕಾ,

ತಮ್ಮ ಮೂಕಣ್ಣನ ನಮಸ್ಕಾರ. ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಬರೆಯುವುದು ರೂಢಿ. ಮಗನನ್ನು ಮಣ್ಣು ಮಾಡಿದವಳಿಗೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ನನ್ನ ಫೋನ್ ನೀನು ಎತ್ತುವುದಿಲ್ಲ, ಹೊಸ್ತಿಲು ತುಳಿಯಬೇಡ ಅಂದಿದ್ದೀಯ. ಅದಕ್ಕೇ ಅಂಗನವಾಡಿಯ ಲಲಿತಾಳ ಕೈಯಲ್ಲಿ ಈ ಪತ್ರ ಕೊಟ್ಟು ಕಳಿಸುತ್ತಿದ್ದೇನೆ. ಹರಿದು ಒಲೆಗೆ ಹಾಕುವುದಾದರೆ ಹಾಕು, ಪೂರ್ತಿ ಓದಿ ಹಾಕು. ನಿನ್ನ ಸಿಟ್ಟು ನನಗೇನು ಹೊಸದೇ? ಅವ್ವ ಹೋದ ಮೇಲೆ ನಿನ್ನ ಕೈಯ ಏಟು ತಿಂದೇ ಅಕ್ಷರ ಕಲಿತವನು ನಾನು.

ನಿನ್ನೆ ಲಲಿತಾ ಒಂದು ಸುದ್ದಿ ಹೇಳಿದಳು. ಕಂಪ್ಲಿಯಲ್ಲಿ ನಿಮ್ಮ ಓಣಿಯ ಉಚ್ಚೆಂಗಮ್ಮ ತನ್ನ ಮಗ ಪರಶುರಾಮನನ್ನು ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದ್ದಾಳಂತೆ. ಸೂಜಿ ಚುಚ್ಚಿಕೊಳ್ಳುವ ಚಟ ಬಿಡಿಸಲು ಇದೇ ದಾರಿ ಅಂತ ನೀನೇ ಹೇಳಿಕೊಟ್ಟೆಯಂತೆ. ಹೆತ್ತ ಕರುಳು, ಎಲ್ಲಿ ಕರಗಿ ಬಾಗಿಲು ತೆಗೆದುಬಿಡುತ್ತಾಳೋ ಎಂದು ಬೀಗದ ಕೈಯನ್ನೂ ನೀನೇ ಇಟ್ಟುಕೊಂಡಿದ್ದೀಯಂತೆ. ಅಮಾವಾಸ್ಯೆ ಕಳೆದ ಮೇಲೆ ಬಿಡುವುದಂತೆ.

ಒಂದು ಮಾತನ್ನು ನಿನಗೆ ಹೇಳದೆ ಇಷ್ಟು ದಿನ ನುಂಗಿಕೊಂಡಿದ್ದೇನೆ. ಸಾಯುವವರೆಗೂ ನುಂಗಿಕೊಂಡೇ ಇರುತ್ತಿದ್ದೆ. ಆ ಹುಡುಗ ಆ ಕೋಣೆಯಲ್ಲಿ ಇರದಿದ್ದರೆ ನಾನು ಈ ಪೆನ್ನು ಹಿಡಿಯುತ್ತಲೇ ಇರಲಿಲ್ಲ.

ಮೊದಲು ನಿನ್ನ ಮಾತಿಗೆ ಬರುತ್ತೇನೆ. ಹನುಮೇಶನ ಮಣ್ಣಿನ ದಿನ, ನೆಂಟರೆಲ್ಲರ ಮುಂದೆ ನನ್ನ ಅಂಗಿ ಹಿಡಿದು ಕೇಳಿದೆ: “ನಿನ್ನನ್ನ ಸೂಜಿ ಚಟದ ಗುಂಡ್ಯಾಗಿಂದ ಎತ್ತಿದಾಕಿ ನಾನು. ನನ್ನ ಮಗನ್ನ ಅದೇ ಗುಂಡಿಗೆ ನೂಕಿದ್ಯಲ್ಲಲೇ.” ಅವನು ಒಂದು ವರ್ಷದಿಂದ ನಾನು ಕೆಲಸ ಮಾಡುವ ಕೇಂದ್ರಕ್ಕೆ ಬರುತ್ತಿದ್ದದ್ದು ನಿಜ. ನಾನು ನಿನಗೆ ಹೇಳದೆ ಮುಚ್ಚಿಟ್ಟದ್ದೂ ನಿಜ. ನೂಕಿದ್ದು ಮಾತ್ರ ಸುಳ್ಳು.

ನನ್ನ ಕೆಲಸವೇನೆಂದು ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ, ನಾಚಿಕೆಯಿಂದ ನಾನೂ ಹೇಳಲಿಲ್ಲ. ಸಂಡೂರಿನ ಅದಿರು ಲಾರಿಗಳು ನಿಲ್ಲುವಲ್ಲಿ, ಹೊಸಪೇಟೆಯ ರೈಲು ಹಳಿಯ ಪಕ್ಕದಲ್ಲಿ, ಸೂಜಿ ಚುಚ್ಚಿಕೊಳ್ಳುವ ಹುಡುಗರನ್ನು ಹುಡುಕಿಕೊಂಡು ಹೋಗುತ್ತೇನೆ. ಹಳೆಯ ಸೂಜಿ ಇಸಿದುಕೊಂಡು ಹೊಸದು ಕೊಡುತ್ತೇನೆ, ಒಬ್ಬರ ರೋಗ ಇನ್ನೊಬ್ಬರಿಗೆ ಹತ್ತದಿರಲಿ ಅಂತ. ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ಬಿಡುತ್ತೇನೆ ಎಂದವನನ್ನು ದಿನಾ ಬೆಳಿಗ್ಗೆ ನರ್ಸಮ್ಮನ ಮುಂದೆ ಕೂರಿಸಿ ನಾಲಿಗೆ ಕೆಳಗೆ ಚಟದ ಆಸೆ ತಗ್ಗಿಸುವ ಮಾತ್ರೆ ಇಡಿಸುತ್ತೇನೆ. ಬೇರೆ ಯಾರಾದರೂ ಹೋದರೆ ಆ ಹುಡುಗರು ಪೊಲೀಸರೆಂದು ಓಡುತ್ತಾರೆ. ನನ್ನ ತೋಳಿನ ಕಲೆ ನೋಡಿ, ಇವನು ನಮ್ಮವನೇ ಅಂತ ನಿಲ್ಲುತ್ತಾರೆ. ಅವರ ಹೆಸರು ಮನೆಯವರಿಗೂ ಹೋಗಬಾರದು ಎನ್ನುವುದು ನಮ್ಮಲ್ಲಿ ದೊಡ್ಡ ಕಟ್ಟುಪಾಡು. ಅದು ಮುರಿದರೆ ಮರುದಿನ ಯಾರೂ ಬರುವುದಿಲ್ಲ.

ಹಾಗೆ ಹುಡುಕುತ್ತಾ ಹೋದಾಗ ಟಿಪ್ಪರೊಂದರ ಹಿಂದೆ ಹನುಮೇಶ ಸಿಕ್ಕ. ಎತ್ತಿ ಆಡಿಸಿದ ಹುಡುಗ. ಕಪಾಳಕ್ಕೆ ಎರಡು ಬಿಗಿದೆ. ಆಮೇಲೆ ಇಬ್ಬರೂ ಅಲ್ಲೇ ಕೆಂಪು ಧೂಳಿನಲ್ಲಿ ಕೂತು ಅತ್ತೆವು. “ಮಾಮ, ಅವ್ವಗ ಮಾತ್ರ ಹೇಳಬ್ಯಾಡ. ಹೇಳಿದ್ರ ನಾ ಇತ್ತಕಡಿ ಬರಂಗಿಲ್ಲ,” ಅಂದ. ನಾನು ಸೋದರಮಾವ ಅಕ್ಕಾ. ಅವನ ಮದುವೆಯಲ್ಲಿ ಬಾಸಿಂಗ ಕಟ್ಟಬೇಕಾದವನು. ನಿನಗೆ ಹೇಳಿ ಅವನನ್ನು ಕಳೆದುಕೊಳ್ಳಲೋ, ಮುಚ್ಚಿಟ್ಟು ಉಳಿಸಿಕೊಳ್ಳಲೋ? ಮುಚ್ಚಿಟ್ಟೆ.

ಅವನು ಮಾತು ತಪ್ಪಲಿಲ್ಲ. ಸಂಡೂರಿಗೆ ಡ್ಯೂಟಿಗೆ ಹೋಗುವ ಮುಂಚೆ ದಿನಾ ಬಂದು ಮಾತ್ರೆ ತೆಗೆದುಕೊಂಡ. ಮೈ ಕೈ ತುಂಬಿಕೊಂಡ. ಸಂಬಳ ನಿನ್ನ ಕೈಗೆ ತಂದುಕೊಟ್ಟ. ದೀಪಾವಳಿಗೆ ನಾನು ಬಂದಾಗ ನೀನು ಕಣ್ಣರಳಿಸಿ, “ಸಂಡೂರ ನೀರು ಮಸ್ತ್ ಹತ್ತೇತಿ ನೋಡಲೇ ನನ್ನ ಮಗಗ,” ಅಂದದ್ದು ನೆನಪಿದೆಯೇ? ನಾನೂ ಹನುಮೇಶನೂ ಒಬ್ಬರ ಮುಖ ಒಬ್ಬರು ನೋಡಿ ನಗು ತಡೆಯಲಾರದೆ ಹಿತ್ತಲಿಗೆ ಎದ್ದುಹೋದೆವು. ಆ ದಿನ ನನಗಾದ ಸಂತೋಷ ಇನ್ನು ಈ ಜನ್ಮದಲ್ಲಿ ಆಗುವುದಿಲ್ಲ.

ಆಮೇಲೆ ಯಾರೋ ನಿನಗೆ ಊದಿದರು, ನಿನ್ನ ಮಗ ಸೂಜಿ ಆಫೀಸಿಗೆ ಹೋಗುತ್ತಾನೆ ಅಂತ. ನೀನು ನನ್ನನ್ನು ಕೇಳಲಿಲ್ಲ. ನನ್ನ ಮೇಲೂ ನಿನಗೆ ಸಿಟ್ಟಿತ್ತು. ಅವನೆಲ್ಲಿ ಎಂದು ನಾನು ಫೋನ್ ಮಾಡಿದಾಗ, ಸಿರುಗುಪ್ಪದ ರೈಸ್‌ಮಿಲ್ಲಿಗೆ ಕೆಲಸಕ್ಕೆ ಕಳಿಸಿದ್ದೇನೆ ಅಂದೆ. ನಂಬಿದೆ. ನನ್ನನ್ನು ಹಿಂದೆ ಕೂಡಿಹಾಕಿದ್ದ ಕೋಣೆಯಲ್ಲೇ ಅವನನ್ನೂ ಕೂಡಿಹಾಕಿದ್ದೆಯೆಂದು ತಿಳಿದದ್ದು ಅವನು ಹೋದ ಮೇಲೆ.

ನೀನು ಬಾಗಿಲು ತೆಗೆದ ದಿನ ಎಣ್ಣೆ ನೀರು ಹಾಕಿದೆ, ಹೋಳಿಗೆ ಬಡಿಸಿದೆ. ಗೆಳೆಯರನ್ನು ನೋಡಿ ಬರುತ್ತೇನೆಂದು ಹೋದವನು ಬುಕ್ಕಸಾಗರದ ಗದ್ದೆಯ ಪಂಪ್‌ಸೆಟ್ ಶೆಡ್ಡಿನಲ್ಲಿ ಹೆಣವಾಗಿ ಸಿಕ್ಕ. ಮಣ್ಣು ಮಾಡಿ ಬಂದ ಮೇಲೆ ನೀನು ನನ್ನನ್ನು ಒಂದು ಪ್ರಶ್ನೆ ಕೇಳಿದೆ: “ಅಷ್ಟು ದಿನ ಕೈಯಾಗ ಸೂಜಿ ಹಿಡೀಲಿಲ್ಲ. ಚಲೋ ಆಗಿದ್ದ. ಹೊರಗ ಬಿಟ್ಟ ದಿನಾನ ಹೆಂಗ ಸತ್ತ?” ಗೊತ್ತಿಲ್ಲ ಅಂದೆ. ನನಗೆ ಗೊತ್ತಿತ್ತು ಅಕ್ಕಾ.

ಒಳಗಿದ್ದಷ್ಟು ದಿನದಲ್ಲಿ ಮೈ ಆ ಸೂಜಿಯ ಮದ್ದನ್ನು ಮರೆಯುತ್ತದೆ. ಆಸೆ ಮರೆಯುವುದಿಲ್ಲ. ಹೊರಗೆ ಬಂದವನು ಮೊದಲು ತೆಗೆದುಕೊಳ್ಳುತ್ತಿದ್ದಷ್ಟನ್ನೇ ತೆಗೆದುಕೊಳ್ಳುತ್ತಾನೆ. ತಿಂಗಳಾನುಗಟ್ಟಲೆ ಜ್ವರದಲ್ಲಿ ಮಲಗಿದ್ದ ಹಮಾಲನ ಬೆನ್ನಿಗೆ ಎದ್ದ ದಿನವೇ ಭತ್ತದ ಮೂಟೆ ಹೊರಿಸಿದ ಹಾಗೆ. ಮೈ ತಡೆಯುವುದಿಲ್ಲ, ಉಸಿರು ನಿಂತುಹೋಗುತ್ತದೆ. ದಿನದ ಮಾತ್ರೆ ನಡೆದಿದ್ದರೆ ಆ ಆಸೆಯೂ ಅಷ್ಟು ಕಾಡುತ್ತಿರಲಿಲ್ಲ. ಹನುಮೇಶ ಸತ್ತದ್ದು ಹೀಗೆ. ಪರಶುರಾಮನಿಗೂ ಇದೇ ಆಗಬಹುದು.

ಇಲ್ಲಿಯವರೆಗೆ ಓದಿದವಳು ಕೂತುಕೋ. ಲಲಿತಾಗೆ ಹೇಳಿದ್ದೇನೆ, ನೀರು ಕೊಡುತ್ತಾಳೆ.

ನೀನು ಕೊಂದೆ ಅಂತ ನಾನು ಬರೆಯುತ್ತಿಲ್ಲ. ಯಾರಾದರೂ ಹಾಗಂದರೆ ಅವರ ಹಲ್ಲು ಉದುರಿಸುತ್ತೇನೆ. ತಮ್ಮನಿಗೆ ಮಾಡಿದ್ದನ್ನೇ ಮಗನಿಗೂ ಮಾಡಿದೆ. ಕೀಲಿ ಹಾಕಿ ತಮ್ಮನನ್ನು ಉಳಿಸಿಕೊಂಡೆ ಅಂತ ಓಣಿಯವರೆಲ್ಲ ನಿನ್ನ ಹತ್ತಿರ ಸಲಹೆಗೆ ಬರುತ್ತಾರೆ. ಅದೂ ಪೂರ್ತಿ ನಿಜವಲ್ಲ. ನನ್ನನ್ನು ಹೊರಗೆ ಬಿಟ್ಟ ದಿನ ಕ್ಷೌರಕ್ಕೆಂದು ಹೇಳಿ ನಾನೂ ಸೂಜಿ ಚುಚ್ಚಿಕೊಳ್ಳಲೇ ಹೋದೆ. ಪಕ್ಕದಲ್ಲಿ ಪಾಲಪ್ಪನೆಂಬ ಲಾರಿ ಕ್ಲೀನರ್ ಇದ್ದ. ನನ್ನ ತುಟಿ ನೀಲಿಯಾದದ್ದು ನೋಡಿ ಬೈಕಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ಬಿಸಿಲು ಬಡಿದಿದೆ ಅಂತ ನಿನಗೆ ಸುಳ್ಳು ಹೇಳಿದೆವು. ನೀನು ಸೆರಗಿನಿಂದ ಗಾಳಿ ಹಾಕುತ್ತಾ ಕೂತಿದ್ದೆ. ಆಮೇಲೆ ಅದೇ ಪಾಲಪ್ಪ ನನ್ನನ್ನು ಮಾತ್ರೆಗೆ ಕರೆತಂದ, ನಿಧಾನಕ್ಕೆ ಚಟ ಬಿಟ್ಟಿತು. ನನ್ನ ತಮ್ಮನನ್ನು ನಾನು ಬದುಕಿಸಿದೆ ಅಂತ ನೀನು ಹೇಳಿಕೊಳ್ಳುವಾಗ ನಿನ್ನ ಮುಖ ಎಷ್ಟು ಅರಳುತ್ತಿತ್ತೆಂದರೆ, ಅಲ್ಲ ಅನ್ನಲು ನನ್ನ ಬಾಯಿ ಏಳಲಿಲ್ಲ. ನಿನ್ನಿಂದ ಬದುಕಿದವನು ಅನಿಸಿಕೊಳ್ಳುವುದು ನನಗೂ ಬೇಕಾಗಿತ್ತು.

ಹನುಮೇಶನ ಪಕ್ಕದಲ್ಲಿ ಯಾರೂ ಇರಲಿಲ್ಲ.

ಈಗ ನಾನು ಹೇಳುವುದನ್ನು ಮಾಡು. ಪರಶುರಾಮನನ್ನು ಸುಮ್ಮನೆ ಬಾಗಿಲು ತೆಗೆದು ಹೊರಗೆ ಬಿಡಬೇಡ. ಇವತ್ತು ಮಧ್ಯಾಹ್ನ ನಮ್ಮ ನರ್ಸಮ್ಮ ನಿಮ್ಮ ಓಣಿಗೆ ಬರುತ್ತಾರೆ. ಅವರು ಬಂದ ಮೇಲೆ ತೆಗೆ. ಉಚ್ಚೆಂಗಮ್ಮ ಬೈಯದಿರಲಿ, ಊಟ ಹಾಕಲಿ. ನರ್ಸಮ್ಮ ಅವನ ಜೊತೆ ಮಾತಾಡಿ ಕೇಂದ್ರಕ್ಕೆ ಕರೆತರುತ್ತಾರೆ. ಕೆಲವು ದಿನ ಅವನೊಬ್ಬನನ್ನೇ ಎಲ್ಲೂ ಬಿಡಬೇಡಿ. ನಾನು ಮನೆ ಹತ್ತಿರ ಬರುವುದಿಲ್ಲ, ಓಣಿಯ ಕೊನೆಗೆ ಆಟೊದಲ್ಲಿ ಕೂತಿರುತ್ತೇನೆ.

ನೀನು ಏಳಬೇಕು ಅಕ್ಕಾ. ಅಳುವುದಿದ್ದರೆ ಆಮೇಲೆ ಇಬ್ಬರೂ ಕೂತು ಅಳೋಣ, ನನಗೂ ಹನುಮೇಶನಿಗಾಗಿ ಅಳುವುದು ಭಾಳ ಉಳಿದಿದೆ. ಈಗ ಬೀಗದ ಕೈ ತೆಗೆದುಕೊಂಡು ಉಚ್ಚೆಂಗಮ್ಮನ ಮನೆಗೆ ಹೋಗು.

ನಿನ್ನ ಮಡಿಲಲ್ಲಿ ಬೆಳೆದ
ಮೂಕಣ್ಣ

ಮರೆತಿದ್ದೆ: ಈ ಪತ್ರವನ್ನು ಉಚ್ಚೆಂಗಮ್ಮನಿಗೆ ಓದಿ ಹೇಳಬೇಡ. ಯಾಕೆ ಮನಸ್ಸು ಬದಲಾಯಿಸಿದೆ ಅಂತ ಕೇಳಿದರೆ, ದೊಡ್ಡ ಡಾಕ್ಟರು ಹೇಳಿದರು ಅನ್ನು. ಹನುಮೇಶ ಹೇಗೆ ಹೋದ ಅಂತ ಕೇಳಿದರೆ, ಇಷ್ಟು ದಿನ ಹೇಳಿದ ಹಾಗೆ, ತಮ್ಮನ ಸೂಜಿಯಿಂದ ಅಂತಲೇ ಹೇಳು. ಕಂಪ್ಲಿಯಲ್ಲಿ ಎಲ್ಲರೂ ನಾನೇ ಕೊಂದೆ ಅಂತ ತಿಳಿದಿದ್ದಾರೆ. ಹಾಗೇ ಇರಲಿ ಬಿಡು.