ಕೆರೆ ಬಂಗಲೆಯ ಮಾಲಿ

ಅಪ್ಪಾ,

ನಿನ್ನೆ ಸಿರುಗುಪ್ಪದಿಂದ ನಮ್ಮ ಶಾಲೆಯ ಮಕ್ಕಳನ್ನು ಬಳ್ಳಾರಿ ಕಂಟೋನ್ಮೆಂಟಿನ ಕೆರೆ ಬಂಗಲೆ ತೋರಿಸಲು ಕರೆದೊಯ್ದಿದ್ದೆ. ನೀನು ತೀರಿಕೊಂಡ ಮೇಲೆ ಅದಕ್ಕೆ ಟಿಕೆಟ್ ಇಟ್ಟಿದ್ದಾರೆ. ಮೂವತ್ತು ವರ್ಷ ನೀನು ನೀರುಣಿಸಿದ ಗುಲಾಬಿ ಪಾತಿಗಳಿಗೆ ಸಿಮೆಂಟು ಬಿದ್ದಿದೆ. ಕೆರೆಯ ಕಡೆಯ ಸಂಪಿಗೆ ಮರವೊಂದು ಉಳಿದಿದೆ.

ಆರನೇ ಕ್ಲಾಸಿನಲ್ಲಿ ನಾನೂ ಹೀಗೇ ಪ್ರವಾಸ ಬಂದಾಗ, ಗೆಳತಿಯರೆದುರು ನಿನ್ನ ಗುರುತೇ ಇಲ್ಲದವಳಂತೆ ನಿಂತದ್ದು ಆ ಮರದ ಕೆಳಗೇ. ಆ ತೋಟದ ಒಂದು ಹೂವನ್ನೂ ಮನೆಯ ಲಿಂಗಪೂಜೆಗೆ ತಾರದ ನೀನು ಅಂದು ಎಲ್ಲರಿಗೂ ಒಂದೊಂದು ಗುಲಾಬಿ ಕೊಯ್ದು ಕೊಟ್ಟೆ. ದಿನವೂ ‘ಲೇ ಸುನಂದಿ’ ಎನ್ನುತ್ತಿದ್ದವನು, ನನ್ನ ಸರದಿ ಬಂದಾಗ ತಲೆ ತಗ್ಗಿಸಿ, “ತಗೋರಿ, ಅಮ್ಮಾರ” ಎಂದೆ.

ಪಡಸಾಲೆಯಲ್ಲಿ ಬಂಗಲೆಯ ಧಣಿಗಳ ಕುಟುಂಬದ ಫೋಟೋ ಹಾಕಿದ್ದಾರೆ. ಅದರ ಅಂಚಿನಲ್ಲಿ ಕತ್ತರಿ ಹಿಡಿದು ನೀನು ನಿಂತಿದ್ದೀ.

“ಈ ಮಾಲಿ ಹೆಸರು ಫೋಟೋ ಕೆಳಗ ಬರದು ಹಾಕಬೇಕಂತ ಎಲ್ಲಾರ್ನೂ ಕೇಳಾಕ ಹತ್ತೀನ್ರಿ,” ಎಂದ ಬಂಗಲೆ ತೋರಿಸುತ್ತಿದ್ದವನು. “ನಿಮಗೇನಾರ ಗೊತ್ತೇನ್ರಿ, ಟೀಚರ್?”

ಮಕ್ಕಳೆಲ್ಲ ನನ್ನ ಮುಖ ನೋಡಿದರು.

“ಇಲ್ರಿ,” ಎಂದೆ.

ಇಂತಿ,
ನಿನ್ನ ಅಮ್ಮಾರು