ಎಂಟು ಕಾಲಿನ ವಿಮಾನ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

‘ವಿಮಾನ ಭಾರ ಅಲ್ಲ ಮಗೂ, ಗಾಳಿ ಭಾರ.’ ತಾತ ಹೇಳುತ್ತಿದ್ದದ್ದು ಹೀಗೇ ತಾನೆ? ಅಥವಾ ‘ಗಾಳಿಗೆ ವಿಮಾನ ಭಾರ ಅಲ್ಲ’ ಅಂದಿದ್ದನೋ? ವಾರದಿಂದ ಈ ಸಾಲನ್ನು ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಪದ್ಯ ಓದಿ ಓದಿ, ಯಾರ ಮಾತನ್ನಾದರೂ ತಿದ್ದಿ ತೀಡಿ ನೆನಪಿಟ್ಟುಕೊಳ್ಳುವ ಚಟ ನನಗೆ. ಹಾಗಾಗಿ ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಎರಡನೆಯದಾದರೆ ಅದು ಯಾವ ಶಾಲಾಪುಸ್ತಕದಲ್ಲಾದರೂ ಸಿಗುವ ಮಾತು. ಮೊದಲನೆಯದಾದರೆ, ಹೊತ್ತವನು ಮಾತ್ರ ಹೇಳಬಲ್ಲ ಮಾತು. ನಿನಗೆ ಹೇಗೆ ನೆನಪಿದೆಯೋ ಹಾಗೇ ಬರೆ, ಚೆಂದ ಮಾಡಬೇಡ.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ಅಮ್ಮನಿಗೆ ಮಂಡಿ ಕೈಕೊಟ್ಟಿದೆಯೇ ಹೊರತು ಕಿವಿಯಲ್ಲ. ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ವರಾಂಡದಿಂದ ಉತ್ತರ ಬರುತ್ತದೆ. ಈ ವಿಷಯ ಸದ್ಯಕ್ಕೆ ಅವಳ ಕಿವಿಗೆ ಬೀಳಬಾರದು.

ಹೋದ ವಾರ ಅಮ್ಮ ತನ್ನ ಟ್ರಂಕು ಖಾಲಿ ಮಾಡಲು ಕೂತಳು. ತಳದಲ್ಲಿ, ಮುಖ ಕೆಳಗಾಗಿ, ಆ ಫೋಟೊ. ಯುದ್ಧಕಾಲದ ವಿಮಾನ ನಿಲ್ದಾಣ. ಮುಂದೆ ಕೈಕಟ್ಟಿ ನಿಂತ ಆರು ಜನ ಅಧಿಕಾರಿಗಳು, ಹಿಂದೆ ಸಾಲಾಗಿ ಐದು ವಿಮಾನ. ಅದನ್ನು ತಿರುಗಿಸಿ ಕೂಡ ನೋಡದೆ, “ಇದನ್ನ ಹರಿದು ಹಾಕು. ಸುಳ್ಳನ್ನ ಎಷ್ಟು ದಿನ ಅಂತ ಜೋಪಾನ ಮಾಡೋದು,” ಎಂದಳು.

ಅವಳ ಸಿಟ್ಟಿನ ಹುಟ್ಟು ನಿನಗೂ ಗೊತ್ತು, ಅತ್ತೆ ನಮ್ಮಿಬ್ಬರಿಗೂ ಅಭಿನಯಿಸಿಯೇ ತೋರಿಸಿದ್ದಳಲ್ಲ. ಅಮ್ಮನ ಮದುವೆಯ ಮಾತುಕತೆಯ ದಿನ ತಾತ ಈ ಫೋಟೊ ಹೊರತೆಗೆದು, ತಾನು ಬಡಗಿಯಾದರೂ ಯುದ್ಧದಲ್ಲಿ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿದವನು, ನಾಲ್ಕು ಜನ ಸೇರಿ ವಿಮಾನವನ್ನು ಹೆಗಲ ಮೇಲೆ ಹೊತ್ತು ಮೈದಾನ ದಾಟಿಸಿದೆವು, ಈ ಫೋಟೊದಲ್ಲಿ ನಾನೂ ಇದ್ದೇನೆ ಎಂದನಂತೆ. ಅಪ್ಪನ ಅಪ್ಪ ಕನ್ನಡಕ ಹಾಕಿಕೊಂಡು ಆರೂ ಮುಖಗಳನ್ನು ಒಂದೊಂದಾಗಿ ನೋಡಿ, “ಬೀಗರು ಯಾವ ವಿಮಾನದೊಳಗೆ ಕೂತಿದ್ದೀರಿ?” ಎಂದು ಕೇಳಿದರಂತೆ. ಮನೆ ತುಂಬ ನಗು. ಅವತ್ತಿನಿಂದ ತಾತನಿಗೆ ಬುರುಡೆ ಎಂಬ ಹೆಸರು ಅಂಟಿಕೊಂಡಿತು. ಅಮ್ಮ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, “ಇನ್ನೊಂದು ಸಲ ಈ ಕಥೆ ತೆಗೆದರೆ ನಿನ್ನ ಹೊಸಿಲು ತುಳಿಯಲ್ಲ” ಎಂದಳು. ಅವನು ಮತ್ತೆ ಅವಳೆದುರು ತೆಗೆಯಲಿಲ್ಲ. ಆಮೇಲೆ ಅವರಿಬ್ಬರ ನಡುವೆ ಊಟ ಆಯ್ತಾ, ಆಯ್ತು ಅನ್ನುವಷ್ಟೇ ಮಾತು. ನಮಗೆ ಮಾತ್ರ ಹೇಳುತ್ತಿದ್ದ, ಕೊಟ್ಟಿಗೆಯಲ್ಲಿ, ಮರ ಹೆರೆಯುವ ಕೀಸುಳಿಯ ಸದ್ದಿನ ಮರೆಯಲ್ಲಿ.

ನಾನು ಹರಿಯಲಿಲ್ಲ. ಲೈಬ್ರರಿಗೆ ಒಯ್ದು ಸ್ಕ್ಯಾನ್ ಮಾಡಿ, ದೊಡ್ಡದಾಗಿ ಪ್ರಿಂಟ್ ತೆಗೆದೆ. ವಿಮಾನಗಳನ್ನು ಗುರುತು ಹಿಡಿಯುವ ಪುಸ್ತಕ ನಮ್ಮಲ್ಲೇ ಇತ್ತು. ನಾನೇ ನಂಬರು ಅಂಟಿಸಿ ಕಪಾಟಿಗೆ ಸೇರಿಸಿದ್ದು, ಯಾರೂ ಮುಟ್ಟಿರಲಿಲ್ಲ. ಊಟದ ಬಿಡುವಿನಲ್ಲಿ ಅದೇ ಕೆಲಸ. ನಗಬೇಡ, ಪದ್ಯಕ್ಕೆ ಲಯ ಹುಡುಕಿದ ಹಾಗೇ ಇದು: ಮೊದಲು ಒಟ್ಟು ಆಕಾರ, ಆಮೇಲೆ ಬಿಡಿಭಾಗ. ಒಂದೇ ಎಂಜಿನ್ನು. ಚಾಲಕ ಕೂರುವಲ್ಲಿ ಬೆನ್ನು ಗೂನು, ರೆಕ್ಕೆ ದಪ್ಪ, ಹೊಟ್ಟೆಯಡಿ ಗಾಳಿ ಒಳಗೆ ಎಳೆದುಕೊಳ್ಳುವ ಬಾಯಿ. ಸ್ಪಿಟ್‌ಫೈರ್ ಆಗಿದ್ದರೆ ರೆಕ್ಕೆ ತೆಳ್ಳಗೆ, ಎಲೆಯ ಹಾಗಿರುತ್ತಿತ್ತು. ಇದು ಹರಿಕೇನ್. ಗೆದ್ದೆ ಅಂದುಕೊಂಡು ಪುಟ ತಿರುಗಿಸಿದರೆ ತೂಕ ಬರೆದಿತ್ತು. ಖಾಲಿ ಇದ್ದಾಗಲೇ ಎರಡೂವರೆ ಟನ್ನು.

ಅಕ್ಕ, ಆ ಮಧ್ಯಾಹ್ನ ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿಟ್ಟುಬಿಟ್ಟೆ. ತಾತ ಬುರುಡೆಯೇ.

ಆದರೂ ಮನಸ್ಸು ಕೇಳಲಿಲ್ಲ. ಮರುದಿನ ತಾತನನ್ನು ಹುಡುಕುವುದು ಬಿಟ್ಟು ಬರೀ ವಿಮಾನ ನೋಡಿದೆ. ಆಗ ಕಂಡಿತು. ಮೊದಲ ಎರಡರ ಮುಂದಿನ ಪಂಖ ಒಂದೊಂದು ಓರೆಯಲ್ಲಿ ನಿಂತಿವೆ. ಉಳಿದ ಮೂರರದ್ದೂ ಅಚ್ಚು ಹೊಡೆದ ಹಾಗೆ ಒಂದೇ ಓರೆ. ಮೊದಲೆರಡರ ಗಾಜಿನ ಗೂಡಿನಾಚೆ ಆಕಾಶ ಕಾಣುತ್ತದೆ. ಉಳಿದವುಗಳದ್ದು ಬರೀ ಕಪ್ಪು, ಬಣ್ಣ ಬಳಿದದ್ದು. ಹೊಟ್ಟೆಯಡಿಯ ಬಾಯಿಗೆ ನೆರಳೇ ಇಲ್ಲ, ಅದೂ ಬರೆದದ್ದು. ಅವು ಮರದ ಚೌಕಟ್ಟಿಗೆ ಕ್ಯಾನ್ವಾಸು ಬಿಗಿದ ಹುಸಿ ವಿಮಾನಗಳು, ಹೊರಲು ಹಗುರ, ಗಾಳಿ ಬೀಸಿದರೆ ಮಾತ್ರ ಭಾರ. ಮೇಲಿಂದ ಫೋಟೊ ತೆಗೆಯುವ ಶತ್ರುವಿನ ಕಣ್ಣಿಗೆ ಮಣ್ಣೆರಚಲು ಹೀಗೆ ನಿಲ್ಲಿಸುತ್ತಿದ್ದರೆಂದು ಇನ್ನೊಂದು ಪುಸ್ತಕದಲ್ಲಿ ಸಿಕ್ಕಿತು. ಅದನ್ನು ಮಾಡಲು ಪೈಲಟ್ ಬೇಡ, ಬಡಗಿ ಬೇಕು.

ಇನ್ನು ಕೊನೆಯ ವಿಮಾನ. ಅದರಡಿ ಏನೋ ಆಧಾರದ ಕಂಬಗಳಿವೆ ಅಂದುಕೊಂಡಿದ್ದೆ. ಭೂತಗನ್ನಡಿ ಹಿಡಿದರೆ, ಗಾಲಿಗೂ ನೆಲಕ್ಕೂ ನಡುವೆ ಗೇಣು ಬೆಳಕು, ಕಂಬಗಳಿಗೆ ಪಾದ. ಎಂಟು ಕಾಲು. ಅಧಿಕಾರಿಗಳು ಮುಂದೆ ಎದೆಯುಬ್ಬಿಸಿ ನಿಂತಿದ್ದರೆ, ಹಿಂದೆ ನಾಲ್ಕು ಜನ ವಿಮಾನವನ್ನು ಹೊತ್ತುಕೊಂಡು ತಮ್ಮ ಪಾಡಿಗೆ ಹೋಗುತ್ತಿದ್ದಾರೆ. ಮುಖಗಳು ಕ್ಯಾನ್ವಾಸಿನ ಹಿಂದೆ. ಒಂದು ಜೊತೆ ಕಾಲಿನಲ್ಲಿ ಎಡಪಾದ ಮಾತ್ರ ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಿದೆ. ಈಗ ನಿನ್ನ ಎಡಗಾಲಿನ ಚಪ್ಪಲಿ ತಿರುಗಿಸಿ ನೋಡು, ಯಾವ ಕಡೆ ಸವೆದಿದೆ? ತಾತನ ನಡಿಗೆ ಅಮ್ಮನಿಗೆ, ಅಮ್ಮನದು ನಿನಗೆ.

ಖಾತ್ರಿ ಮಾಡಿಕೊಳ್ಳಲು ಅಮ್ಮ ವರಾಂಡದಲ್ಲಿ ನಡೆಯುವುದನ್ನೇ ನೋಡುತ್ತ ನಿಂತೆ. “ಏನೇ ಹಂಗೆ ಕಾಲು ನೋಡ್ತೀಯ? ನಿಮ್ಮಪ್ಪನ ಕಡೆಯೋರೂ ಹೆಣ್ಣು ನೋಡೋಕೆ ಬಂದಾಗ ಹಿಂಗೆ ನೋಡಿರಲಿಲ್ಲ,” ಎಂದಳು.

ಒಂದು ಮಾತ್ರ ತಿಳಿಯುತ್ತಿಲ್ಲ. ಹುಸಿ ವಿಮಾನ ಎಂದು ಒಂದು ಮಾತು ಸೇರಿಸಿದ್ದರೆ ಬೀಗರ ನಗು ಅಲ್ಲೇ ನಿಲ್ಲುತ್ತಿತ್ತು. ಯಾಕೆ ಹೇಳಲಿಲ್ಲ? ಬಾಯಿ ಬಿಡಬಾರದೆಂದು ಆಣೆ ಮಾಡಿಸಿಕೊಂಡಿದ್ದರೇ? ಅಥವಾ ತನ್ನ ಕೈಯಾರೆ ಮಾಡಿದ್ದನ್ನು ಹುಸಿ ಅನ್ನಲು ಅವನಿಗೆ ಮನಸ್ಸು ಬರಲಿಲ್ಲವೇ? ಅವನು ಇನ್ನೂ ಇದ್ದಿದ್ದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಇದೇ.

ಈಗ ನೀನು ಹಿರಿಯಳು, ಹೇಳು. ತಾತ ಸುಳ್ಳುಗಾರನಾಗಿದ್ದರೆ ಅಮ್ಮ ಇಷ್ಟು ವರ್ಷ ಸರಿಯಾಗಿಯೇ ಇದ್ದಳು. ಅವನು ನಿಜ ಹೇಳಿದ್ದ ಎಂದು ಈ ವಯಸ್ಸಿನಲ್ಲಿ ನಾನು ತೋರಿಸಿಕೊಟ್ಟರೆ, ಆ ವರ್ಷಗಳನ್ನೆಲ್ಲ ಅವಳು ಎಲ್ಲಿಡಬೇಕು? ಕ್ಷಮೆ ಕೇಳೋಣವೆಂದರೆ ಅವನಿಲ್ಲ. ಅವನ ಮಾತು ಉಳಿಸಲೋ, ಇವಳ ನೆಮ್ಮದಿ ಉಳಿಸಲೋ? ಫೋಟೊ ಹರಿದು ಹಾಕಿದೆ ಎಂದು ಅವಳಿಗೆ ಹೇಳಿಬಿಟ್ಟಿದ್ದೇನೆ. ಈಗ ಈ ಮನೆಯಲ್ಲಿ ಸುಳ್ಳು ಹೇಳಿದವಳು ನಾನೊಬ್ಬಳೇ. ಫೋಟೊವೂ ಪ್ರಿಂಟೂ ನನ್ನ ಕೋಣೆಯ ನಿಘಂಟಿನ ಅಡಿ ಭದ್ರವಾಗಿವೆ. ಜೊತೆಗಿಟ್ಟಿದ್ದ ಭೂತಗನ್ನಡಿ ಮಾತ್ರ ನಿನ್ನೆ ಅಮ್ಮನ ದಿಂಬಿನ ಪಕ್ಕ ಸಿಕ್ಕಿತು, ಔಷಧಿ ಶೀಸೆಯ ಮೇಲಿನದು ಓದಲು ತೆಗೆದುಕೊಂಡಳಂತೆ.

ಬೇಗ ಉತ್ತರ ಬರೆ. ಆ ಸಾಲನ್ನೂ.

ನಿನ್ನ ತಂಗಿ,
ಪುಸ್ತಕದ ಹುಳ

ತಾ.ಕ.: ಲಕೋಟೆ ಅಂಟಿಸಿ ಅಂಚೆಗೆ ಹೊರಟವಳು ಮತ್ತೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಎದುರುಮನೆಯ ಟೀಚರು ನಮ್ಮ ಇಸ್ತ್ರಿಪೆಟ್ಟಿಗೆ ವಾಪಸು ಕೊಡಲು ಬಂದಿದ್ದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ದನಿ ತಗ್ಗಿಸಿದರು: “ನಿಮ್ಮಮ್ಮನಿಗೆ ನನ್ನ ಮೇಲೆ ಸಿಟ್ಟು ಕಣ್ರೀ, ಮಾತೇ ಬಿಟ್ಟಿದ್ದಾರೆ. ನಿನ್ನೆ ಸಂಜೆ ಮೆಟ್ಟಿಲ ಮೇಲೆ ಕೂತು, ಅವರಪ್ಪ ಒಬ್ಬರೇ ವಿಮಾನ ಹೊತ್ಕೊಂಡು ಮೈದಾನ ದಾಟಿದ್ದರು ಅಂದ್ರು. ನಾನು ಸುಮ್ಮನಿರದೆ ನಕ್ಕುಬಿಟ್ಟೆ. ನಂಬಿದ್ದೀನಿ ಅಂತ ನೀವೇ ಒಂದು ಮಾತು ಹೇಳ್ಬಿಡಿ.”