ಕತ್ತರಿ ಮುಟ್ಟದ ಗಿರಾಕಿ

ಮಂಗಳವಾರ, ಬೆಳಿಗ್ಗೆ ಆರೂವರೆ
ಉಗ್ರಾಣದ ಹಿಂದಿನ ಬೀದಿಯ ಬಾಡಿಗೆ ಕೋಣೆಯಿಂದ

ಪ್ರೀತಿಯ ಅಕ್ಕಾ,

ಯಾರೋ ನಿನ್ನ ಹೆಸರಿನಲ್ಲಿ ನಮ್ಮ ಮನೆಗೆ ಸುಳ್ಳು ಕಾಗದ ಬರೆಯುತ್ತಿದ್ದಾರೆ. ಒಂದೆರಡಲ್ಲ, ಈ ಒಂಬತ್ತು ತಿಂಗಳಲ್ಲಿ ಏಳು ಕಾಗದ. ಅಮ್ಮ ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಳು. ನಾನು ಒಂದನ್ನೂ ನಂಬಲಿಲ್ಲ.

ಆರೋಗ್ಯ ವಿಚಾರಿಸದೆ ಜಗಳಕ್ಕೆ ನಿಂತವನಂತೆ ಶುರುಮಾಡಿದೆ ಎಂದು ಮುನಿಸಿಕೊಳ್ಳಬೇಡ. ಹೇಗಿದ್ದೀಯಾ? "ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡಿ" ಎಂದು ಮಾತ್ರ ಹೇಳಬೇಡ. ಆ ಏಳು ಕಾಗದಗಳಲ್ಲೂ ಅದೇ ಮಾತು ಅಚ್ಚೊತ್ತಿದ ಹಾಗೆ ಇದೆ. ಊಟ ಸೇರುತ್ತದೆಯೇ, ಮಂಡಿನೋವು ಹೋಯಿತೇ, ಯಾರ ಜೊತೆ ಕೂತು ನಗುತ್ತೀಯ, ಅದನ್ನು ಹೇಳು. ನಾನು ಗಟ್ಟಿಮುಟ್ಟಾಗಿದ್ದೇನೆ. ಅಮ್ಮನ ಕೆಮ್ಮು ಇಳಿದಿದೆಯೆಂದು ಪಕ್ಕದ ಮನೆಯ ಟೀಚರ್ ಬರೆದಿದ್ದಾರೆ. ಅವರನ್ನು ನಂಬಬಹುದು, ಅವರಿಗೆ ಒಳ್ಳೆಯ ಸುದ್ದಿ ಹೇಳುವ ಅಭ್ಯಾಸವೇ ಇಲ್ಲ.

ಸುಳ್ಳೆಂದು ಹೇಗೆ ತಿಳಿಯಿತು ಕೇಳು. ನೀನು ಕಾಗದ ಬರೆದರೆ ಅಂಚು ಉಳಿಯುತ್ತಿರಲಿಲ್ಲ. ಕೆಳಗೆ ಜಾಗ ಮುಗಿದರೆ ಪಕ್ಕಕ್ಕೆ ತಿರುಗಿ, ಅಲ್ಲೂ ಮುಗಿದರೆ ತಲೆಕೆಳಗಾಗಿ ಬರೆಯುತ್ತಿದ್ದೆ. ಓದುವವರು ಕಾಗದವನ್ನು ಚಕ್ರದ ಹಾಗೆ ತಿರುಗಿಸಬೇಕಿತ್ತು. ನನ್ನನ್ನು "ಲೋ ಜುಟ್ಟು" ಎಂದಲ್ಲದೆ ಕರೆದವಳಲ್ಲ. ಈ ಕಾಗದಗಳಲ್ಲಿ ನಾಲ್ಕೂ ಕಡೆ ಅಂಗೈಯಗಲ ಅಂಚು, ನಡುವೆ ಆರೇಳು ಸಾಲು, ಜುಟ್ಟುವಿನ ಸುದ್ದಿಯೇ ಇಲ್ಲ. ನಿನ್ನ ಅಕ್ಷರ ಬಲಕ್ಕೆ ಬಾಗಿ ಓಡುತ್ತಿತ್ತು. ಇವು ಒಂದನೇ ತರಗತಿಯ ಮಗು ಬರೆದಂತೆ ದಪ್ಪದಪ್ಪವಾಗಿ ಎಡಕ್ಕೆ ವಾಲಿಕೊಂಡಿವೆ. ಸಾಲುಗಳ ಮೇಲೆಲ್ಲ ಶಾಯಿ ಒರೆಸಿಹೋದ ಕಲೆ. ಮೂರು ವರ್ಷ ಪ್ರೆಸ್ಸಿನಲ್ಲಿ ದುಡಿದವನಿಗೆ ಶಾಯಿಯ ಗುಟ್ಟು ಗೊತ್ತು. ನಿನ್ನ ಹಳೆಯ ಕಾಗದ ಮುಂದಿಟ್ಟುಕೊಂಡು, ಯಾರಾದರೂ ಬಂದಾರೆಂಬ ಅವಸರದಲ್ಲಿ, ಯಾರೋ ನಕಲು ಮಾಡಿದ್ದಾರೆ. ಮಾಡಿಸಿದ್ದು ನೀನು ದುಡಿಯುವ ಲಾಡ್ಜಿನ ಯಜಮಾನಿಯೇ. "ಅಲ್ಲಿ ನಮ್ಮ ಭಾಷೆ ಬಲ್ಲೋರು ಯಾರಿದಾರೋ?" ಎಂದು ಅಮ್ಮ ಕೇಳಿದಳು. ಕೂಲಿ ಕೊಟ್ಟರೆ ಎಲ್ಲ ಭಾಷೆಯೂ ಸಿಗುತ್ತದೆ ಎಂದೆ. ಅಮ್ಮ ನನ್ನ ಕರಪತ್ರಗಳ ಕಟ್ಟಿನ ಕಡೆ ನೋಡಿ, "ಇವನ್ನ ಓದಿ ಓದಿ ನಿಂಗೆ ಹಗ್ಗ ಎಲ್ಲಾ ಹಾವು" ಎಂದಳು.

ಅಲ್ಲಿ ಸೇರಿದ ಹೊಸದರಲ್ಲಿ ನೀನೇ ಬರೆದ ಮೊದಲ ಕಾಗದದ ಜೊತೆ ಲಾಡ್ಜಿನ ಕಾರ್ಡು ಬಂದಿತ್ತಲ್ಲ, ಅದರ ನಂಬರಿಗೆ ಫೋನು ಮಾಡಿದೆ. ಎತ್ತಿದವಳು ಇಟಾಲಿಯನ್ನಿನಲ್ಲಿ ಏನೋ ಕೇಳಿದಳು. ನನಗೆ ಒಂದು ಪದವೂ ತಿಳಿಯದು. ಮತ್ತೆ ಕೇಳಿದಳು, ನಿಟ್ಟುಸಿರು ಬಿಟ್ಟು ಇಟ್ಟಳು. ಅವತ್ತೇ ನಿಶ್ಚಯಿಸಿದೆ: ಅವಳ ಭಾಷೆಯನ್ನೇ ಕಲಿತು ಅವಳ ಬಾಗಿಲಲ್ಲಿ ನಿಂತು ಲೆಕ್ಕ ಕೇಳಬೇಕು.

ನೀನು ಅಲ್ಲಿಗೆ ಹೋಗಬೇಕಾಗಿ ಬಂದದ್ದು ಯಾಕೆಂದು ಇಬ್ಬರಿಗೂ ಗೊತ್ತು. ಪ್ರೆಸ್ಸಿನ ಫೋರ್‌ಮನ್ "ಕೂದಲು ಕತ್ತರಿಸು, ಇಲ್ಲ ಗೇಟು ದಾಟು" ಎಂದ, ನಾನು ದಾಟಿದೆ. ದುಡಿಯುವವನ ದೇಹ ಒಡೆಯನ ಸೊತ್ತಲ್ಲ ಎಂದು ಓದಿದ್ದವನು ಬೇರೇನು ಮಾಡಲಿ? ಮನೆಯಲ್ಲಿ ಒಂದು ಸಂಬಳ ನಿಂತಿತು, ನೀನು ಪೆಟ್ಟಿಗೆ ಕಟ್ಟಿದೆ. ಹೊರಡುವ ಬೆಳಿಗ್ಗೆಯೂ ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕಿದೆ. "ಸಿಕ್ಕು ಬಿಡಿಸ್ಕೋಳೋದು ಕಲಿ, ಇನ್ಮೇಲೆ ಯಾರೂ ಇರಲ್ಲ" ಎಂದೆ. ಮೂರೆಳೆ ಜಡೆ ಈಗ ಕನ್ನಡಿಯಿಲ್ಲದೆ ಹಾಕಿಕೊಳ್ಳುತ್ತೇನೆ.

ಆ ಜಡೆ ದಾರಿಯುದ್ದಕ್ಕೂ ನನ್ನ ಪಾಲಿನ ಪೊಲೀಸಾಯಿತು. ಪಾಸ್‌ಪೋರ್ಟಿನ ಫೋಟೋದಲ್ಲಿ ನನ್ನದು ಗಿಡ್ಡ ಕೂದಲು. ನೀನಿರುವ ದೇಶಕ್ಕೆ ಅನುಮತಿ ಸಿಗದೆ ಪಕ್ಕದ ಈ ದೇಶಕ್ಕೆ ಬಂದಿಳಿದ ದಿನ ಗಾಜಿನ ಹಿಂದಿನ ಅಧಿಕಾರಿ ಫೋಟೋ ನೋಡಿದ, ನನ್ನನ್ನು ನೋಡಿದ, ಇನ್ನೊಬ್ಬನನ್ನು ಕರೆದ. ಪಕ್ಕದ ಕೋಣೆಗೆ ಕರೆದೊಯ್ದು ಜಡೆ ಬಿಚ್ಚಿಸಿ, ಎಳೆಎಳೆಯಾಗಿ ಹುಡುಕಿದರು. ಹೇನೂ ಸಿಗಲಿಲ್ಲವೆಂದು ಅವರಿಗೇ ಬೇಸರ. ಮೂರು ಸಲ ಸಹಿ ಮಾಡಿಸಿ ಹಳೆಯ ಸಹಿಯ ಪಕ್ಕ ಇಟ್ಟು ಹೋಲಿಸಿದರು. ನಾನು ನಾನೇ ಎಂದು ಒಪ್ಪಿಸುವುದಕ್ಕೆ ಎರಡು ಗಂಟೆ ಹಿಡಿಯಿತು. ಮೈಮೇಲೆ ನಿಂತು ಮಾಡಿಸಿದರೆ ಯಾರ ಸಹಿ ತಾನೇ ಒಂದೇ ಥರ ಬರುತ್ತದೆ? ಬೀದಿಯಲ್ಲಿ ಹಿಂದಿನಿಂದ "ಮೇಡಂ" ಎಂದು ಕರೆದವರು ನನ್ನ ಮೀಸೆ ಕಂಡು ಬೆಚ್ಚುತ್ತಾರೆ. ಪಾರ್ಸೆಲ್ ಉಗ್ರಾಣದಲ್ಲಿ ಕೆಲಸ ಸಿಕ್ಕಿದೆ. ನಾನು ಹೊತ್ತ ಪೆಟ್ಟಿಗೆಗಳನ್ನು ಮಾತ್ರ ಮೇಲ್ವಿಚಾರಕ ಎರಡೆರಡು ಸಲ ಎಣಿಸುತ್ತಾನೆ. ನಾನು ಅವನು ಎಣಿಸುವುದನ್ನು ಎಣಿಸುತ್ತೇನೆ.

ಇನ್ನು ಇಟಾಲಿಯನ್ ಕಲಿಸುವ ಮೇಷ್ಟ್ರ ಸಂಗತಿ. ನಗಬೇಡ: ಅವರು ಕ್ಷೌರಿಕರು. ನೀನಿರುವ ಊರಿನ ಕಡೆಯವರೇ, ಬಂದು ನಲವತ್ತು ವರ್ಷವಾಯಿತಂತೆ. ಅವರ ಅಂಗಡಿಯ ಗಾಜಿನ ಮೇಲಿನ ಬರಹ ನಿನ್ನ ಲಾಡ್ಜಿನ ಕಾರ್ಡಿನ ಬರಹದ ಹಾಗೇ ಕಂಡಿತು, ಒಳಗೆ ಹೋದೆ. ಅವರು ನನ್ನ ತಲೆ ನೋಡಿ ಎದೆ ಮುಟ್ಟಿಕೊಂಡರು, ಹಸಿದವನಿಗೆ ಹಬ್ಬದೂಟ ಕಂಡ ಹಾಗೆ. ಕತ್ತರಿಸಲು ಬಂದವನಲ್ಲ, ಕಲಿಯಲು ಬಂದವನು ಎಂದೆ. ನಲವತ್ತು ವರ್ಷವಾದರೂ ಅವರಿಗೂ ಇಲ್ಲಿನ ಭಾಷೆ ನನ್ನ ಹಾಗೇ ಅರ್ಧಂಬರ್ಧ, ಉಳಿದರ್ಧ ಕೈಯಲ್ಲಿ. ಪಾಠಕ್ಕೆ ಶುಲ್ಕ ಬೇಡ, ಕೆಲಸ ಮುಗಿಸಿ ದಿನಾ ಒಂದು ಗಂಟೆ ಕಿಟಕಿಯ ಬಳಿಯ ಕುರ್ಚಿಯಲ್ಲಿ ಬಟ್ಟೆ ಹೊದ್ದು ಕೂತರೆ ಸಾಕು ಎಂದರು. "ಖಾಲಿ ಕುರ್ಚಿ ನೋಡಿದ್ರೆ ಗಿರಾಕಿ ಒಳಗೆ ಬರಲ್ಲ ಕಣಯ್ಯಾ. ನೀನು ಕೂತ್ಕೋ. ನಿನ್ನ ಕೂದಲಿಗೆ ಒಂದು ವರ್ಷ ಕೆಲಸ ಇದೆ ಅಂದ್ಕೋತಾರೆ." ಹಾಗಾಗಿ ಅಕ್ಕಾ, ನಿನ್ನ ತಮ್ಮ ಈ ಬೀದಿಯಲ್ಲಿ ಕತ್ತರಿ ಮುಟ್ಟದ ಗಿರಾಕಿಯೆಂದು ಹೆಸರಾಗಿದ್ದಾನೆ.

ನನ್ನ ಇಟಾಲಿಯನ್ ಕುತ್ತಿಗೆಯಿಂದ ಮೇಲೆ ಮಾತ್ರ ಚೆನ್ನಾಗಿದೆ. ತಲೆ ಬಗ್ಗಿಸಿ, ನೀರು ಬಿಸಿಯಾಯಿತೇ, ಕಿವಿ ಹುಷಾರು, ಇವೆಲ್ಲ ಸರಾಗ. ಎಡ ಬಲ ಕಲಿಸಲು ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದರು: ಬಲಕ್ಕೆ "ದೆಸ್ತ್ರಾ", ಎಡಕ್ಕೆ "ಸಿನಿಸ್ತ್ರಾ". ಯಜಮಾನಿಗೆಂದು ನಾನು ಬರೆದ ಭಾಷಣವನ್ನು ತೋರಿಸಿದೆ. ದುಡಿಮೆ, ಶೋಷಣೆ, ಮನುಷ್ಯಘನತೆ ಎಲ್ಲ ಇತ್ತು. ಅವರು ಓದಿ ಕತ್ತರಿಯಿಂದ ಗಾಳಿಯಲ್ಲಿ ಅರ್ಧ ಕತ್ತರಿಸಿದರು. "ಇದು ಮೈದಾನಕ್ಕೆ. ಬಾಗಿಲಲ್ಲಿ ನಿಂತ ಮುದುಕಿಗೆ, ನಮಸ್ಕಾರ, ನನ್ನ ಅಕ್ಕ ಇದಾರಾ ಅನ್ನು. ಸಾಕು."

ಅವರ ಮೇಲೂ ನನಗೆ ಅನುಮಾನವಿದೆ. ಮುಚ್ಚಿಡುವುದೇಕೆ? ಪಾಠ ಮುಗಿದ ಮೇಲೆ ದಿನಾ "ತುದಿ ಮಾತ್ರ?" ಎಂದು ಕೇಳುತ್ತಾರೆ. ಅದಾದರೂ ಬಡಪಾಯಿಯ ಆಸೆ ಎನ್ನೋಣ. ಆದರೆ ಅಕ್ಕ ಯಾವ ಬೀದಿಯಲ್ಲಿದ್ದಾಳೆ, ಎಷ್ಟು ವಯಸ್ಸು, ಯಜಮಾನಿ ಎಂಥವಳು ಎಂದೆಲ್ಲ ಕೇಳಿ, ನಾನು ಹೇಳಿದ್ದನ್ನು ಒಂದು ಕಪ್ಪು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹತ್ತಿರ ಹೋದರೆ ಮುಚ್ಚಿ ಜೇಬಿಗಿಡುತ್ತಾರೆ. ಒಂದೇ ಸೀಮೆಯವರು, ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದಿಲ್ಲವೆಂದು ಏನು ಗ್ಯಾರಂಟಿ? ಯಾರ ಕೈಗೂ ಜುಟ್ಟು ಕೊಡಬಾರದೆಂದು ಪಾಠ ಕಲಿತವನು ದಿನಾ ಒಂದು ಗಂಟೆ ಅದನ್ನು ಕತ್ತರಿ ಹಿಡಿದವನ ಕೈಗೇ ಕೊಟ್ಟು ಕೂರುತ್ತೇನೆ, ನಿನಗಾಗಿ.

ನಿನ್ನ ಊರಿಗೆ ಬರಲು ಅನುಮತಿ ಕಳೆದ ವಾರ ಸಿಕ್ಕಿದೆ. ಇವತ್ತು ಉಗ್ರಾಣಕ್ಕೆ ರಜೆ. ಹನ್ನೊಂದು ಗಂಟೆಗೆ ಅಂಗಡಿಯ ಫೋನಿನಿಂದ ಆ ಯಜಮಾನಿಗೆ ಮಾತಾಡುತ್ತೇನೆ. ಅವಳು ಏನು ಸುಳ್ಳು ಹೇಳುತ್ತಾಳೋ ಅದನ್ನು ಅಕ್ಷರಶಃ ಇಲ್ಲೇ ಬರೆಯುತ್ತೇನೆ.

ಮಧ್ಯಾಹ್ನ ಎರಡೂವರೆ

ಅಕ್ಕಾ, ಅಂಗಡಿಯಲ್ಲೇ, ಅದೇ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೇಲಿನ ಪುಟಗಳನ್ನು ಹರಿದುಹಾಕಬಹುದಿತ್ತು. ಹರಿದರೆ ಸುಳ್ಳು ಕಾಗದ ಬರೆದವನು ನಾನಾಗುತ್ತೇನೆ, ಇರಲಿ.

ಫೋನಿಗೆ ಕೈ ಹಾಕಿದಾಗ ಮೇಷ್ಟ್ರು ಆ ಕಪ್ಪು ಪುಸ್ತಕ ತೆಗೆದು ನನ್ನ ಮುಂದೆ ಬಿಡಿಸಿಟ್ಟರು. ಯಜಮಾನಿ ಏನೇನು ಕೇಳಬಹುದು, ನಾನೇನು ಹೇಳಬೇಕು, ಒಂದರ ಕೆಳಗೊಂದು, ದೊಡ್ಡ ಅಕ್ಷರದಲ್ಲಿ. ನನಗೆ ಬರುವ ಪದಗಳಲ್ಲೇ ಹೊಂದಿಸಿದ್ದರು. ನಾನು ಅವರ ಮುಖ ನೋಡಲಿಲ್ಲ. ನಂಬರು ಒತ್ತಿದೆ.

ನಮಸ್ಕಾರ ಎಂದೆ. ನನ್ನ ಅಕ್ಕ ಇದ್ದಾರೆಯೇ ಎಂದೆ. ಆ ಕಡೆಯಿಂದ ಆ ಮುದುಕಿ ಕೂಗಿದ್ದು ಮೇಷ್ಟ್ರಿಗೂ ಕೇಳಿಸಿತು: "ಉದ್ದ ಕೂದಲಿನ ತಮ್ಮಾನಾ?" ಆಮೇಲೆ ಮಳೆ ಸುರಿದ ಹಾಗೆ ಮಾತು. ನನಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಮಂಗಳವಾರ. ಆಸ್ಪತ್ರೆ. ಬೆರಳು. ಗಿಡ್ಡ ಕೂದಲು, "ಕಪೆಲ್ಲಿ ಕೋರ್ತಿ", ಅದು ಪಕ್ಕಾ ಕೇಳಿಸಿತು, ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ನಿನ್ನ ಕೂದಲನ್ನು ಶಿಕ್ಷೆಗೆಂದು ಕತ್ತರಿಸಿದರೆಂದು ನಾನು ಕಿರುಚಿದೆ, ಕನ್ನಡದಲ್ಲಿ. ಅವಳು ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಒಂದೇ ವಾಕ್ಯ ಹೇಳಿದಳು. ಅದರ ಕೊನೆಯ ಪದ "ಸಿನಿಸ್ತ್ರಾ". ನನ್ನ ತಲೆ ತಾನಾಗಿ ಎಡಕ್ಕೆ ತಿರುಗಿತು. ಮೇಷ್ಟ್ರು ಫೋನು ತೆಗೆದುಕೊಂಡು ಬಹಳ ಹೊತ್ತು ಕೇಳಿಸಿಕೊಂಡು, ಇಟ್ಟು ಹೇಳಿದರು: "ನಿಮ್ಮಕ್ಕ ಎಡಗೈಲಿ ಬರೀತಾಳೆ ಕಣಯ್ಯಾ. ಒಂಬತ್ತು ತಿಂಗಳಿಂದ. ಬಲಗೈ ಹಾಸಿಗೆಬಟ್ಟೆ ಇಸ್ತ್ರಿ ಮಾಡೋ ಯಂತ್ರದ ಉರುಳೆಗೆ ಸಿಕ್ತಂತೆ. ಪ್ರತಿ ಮಂಗಳವಾರ ಬೆರಳು ತೋರಿಸೋಕೆ ಆಸ್ಪತ್ರೆಗೆ ಹೋಗ್ತಾಳಂತೆ, ಇವತ್ತೂ ಅಲ್ಲೇ ಇದಾಳೆ. ಒಂದೇ ಕೈಲಿ ಜಡೆ ಹಾಕ್ಕೊಳ್ಳೋಕೆ ಆಗುತ್ತಾ? ತಾನೇ ಕೇಳಿ ಕತ್ತರಿಸಿಕೊಂಡಳಂತೆ."

ಹಾಗಾದರೆ ಆ ಶಾಯಿಯ ಕಲೆ ನಿನ್ನ ಎಡಗೈಯದು, ಬರೆದ ಸಾಲಿನ ಮೇಲೆ ತಾನೇ ಉಜ್ಜಿಕೊಂಡು ಹೋದದ್ದು. ಒಂದೊಂದು ಕಾಗದದ ಆರು ಸಾಲಿಗೆ ಎಷ್ಟು ಹೊತ್ತು ಕೂತಿದ್ದೆಯೋ. ನಾನು ಅದನ್ನು ಬೆಳಕಿಗೆ ಹಿಡಿದು ಕಳ್ಳನನ್ನು ಹುಡುಕುತ್ತಿದ್ದೆ.

ಆದರೂ ಅನುಮಾನ ಪೂರ್ತಿ ಹೋಗಿಲ್ಲ. ನಿನ್ನನ್ನು ಈಗ ಬೀಗದ ಕೈ ಕೊಡುವ ಮೇಜಿಗೆ ಹಾಕಿದ್ದಾಳಂತೆ, ಆಸ್ಪತ್ರೆಯ ಖರ್ಚು ಅವಳದೇ ಅಂತೆ, ಸುದ್ದಿ ಮುಟ್ಟಿಸಬೇಡವೆಂದು ಬೇಡಿಕೊಂಡವಳು ನೀನೇ ಅಂತೆ. ಎಲ್ಲ ಅಂತೆಕಂತೆ. ಯಂತ್ರದ ಬಾಯಿಗೆ ಕಾವಲು ತಗಡು ಇತ್ತೋ ಇಲ್ಲವೋ? ಅದನ್ನು ಕೇಳಲು ನನಗೆ ಪದ ಬರಲಿಲ್ಲ, ಮೇಷ್ಟ್ರಿಗೂ ತಿಳಿಯಲಿಲ್ಲ. ಅವರ ಅಂಗಡಿಯಲ್ಲಿ ಅಂಥ ಯಂತ್ರವಿಲ್ಲ. ಬಂದು ಕಣ್ಣಾರೆ ನೋಡುತ್ತೇನೆ. ಇರದಿದ್ದರೆ ಮೈದಾನದ ಭಾಷಣ ಇನ್ನೂ ಜೇಬಿನಲ್ಲಿದೆ. ನೀನೂ ನಿಜ ಹೇಳಬೇಕು ಅಕ್ಕಾ. ಅಮ್ಮನ ಕೆಮ್ಮಿಗೆ ಹೆದರಿ ಮುಚ್ಚಿಟ್ಟೆಯೋ, ನನ್ನ ಬಾಯಿಗೆ ಹೆದರಿಯೋ?

ಈ ಕಾಗದವನ್ನು ಮೇಷ್ಟ್ರ ತಂಗಿ ನಿನ್ನ ಕೈಗೇ ಕೊಡುತ್ತಾರೆ. ಇವತ್ತು ಸಂಜೆಯ ಬಸ್ಸಿಗೆ ಆ ಕಡೆ ಹೊರಟಿದ್ದಾರೆ. ಲಕೋಟೆಗೆ ಅಂಟು ಬಳಿದು ಮೇಲೆ ಅಡ್ಡ ಸಹಿ ಮಾಡುತ್ತೇನೆಂದಾಗ ಮೇಷ್ಟ್ರು, "ಈ ಜಿಲೇಬಿಯಂಥಾ ಅಕ್ಷರ ಓದೋಕೆ ದಾರೀಲಿ ಯಾರಪ್ಪಾ ಕಾಯ್ತಿದಾರೆ?" ಎಂದರು. ಆದರೂ ಅಂಟಿಸುತ್ತೇನೆ.

ಯಜಮಾನಿಗೆ ನನ್ನ ನಮಸ್ಕಾರ ಹೇಳು, ಅರ್ಧ ನಮಸ್ಕಾರ. ಉಳಿದರ್ಧ ತಗಡು ನೋಡಿದ ಮೇಲೆ. ನಿನ್ನ ಎರಡೂ ಕೈಗಳಿಗೆ,

ನಿನ್ನ ತಮ್ಮ
ಜುಟ್ಟು

ತಾ.ಕ.: ಮೇಷ್ಟ್ರ ತಂಗಿ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡುವವನು ನಾನೇ. ಫೋರ್‌ಮನ್ ಕೂದಲು ಕತ್ತರಿಸು ಎನ್ನಲಿಲ್ಲ ಅಕ್ಕಾ. "ಉರುಳೆಗೆ ಸಿಕ್ಕಿದ್ರೆ ತಲೆ ಸಮೇತ ಎಳೆಯುತ್ತಪ್ಪಾ, ಕಟ್ಟಿ ಟೋಪಿಯೊಳಗಿಡು" ಎಂದು ತಾನೇ ಒಂದು ಟೋಪಿ ತಂದುಕೊಟ್ಟ. ಪಕ್ಕದವರು ನಕ್ಕರು. ನನಗೆ ಅವಮಾನವಾಯಿತು. ಕಾಗದದ ಕಟ್ಟಿನ ಮೇಲೆ ಹತ್ತಿ ಭಾಷಣ ಬಿಗಿದು, ಟೋಪಿಯನ್ನು ಅವನ ಕಾಲ ಬಳಿ ಎಸೆದು ಬಂದೆ. ಮನೆಯಲ್ಲಿ ಬೇರೆ ಕಥೆ ಹೇಳಿದೆ. ಆ ಕಥೆ ನಂಬಿ ನೀನು ಪೆಟ್ಟಿಗೆ ಕಟ್ಟಿದೆ, ಉರುಳೆಯ ಮುಂದೆ ನಿಂತೆ. ಮೊದಲ ಸುಳ್ಳು ನನ್ನದು. ಬೈಯುವುದನ್ನೆಲ್ಲ ಎದುರಿಗೇ ಬೈ, ಎಡಗೈಯಲ್ಲಿ ಬರೆಯಲು ಹೋಗಬೇಡ, ನೋಯುತ್ತದೆ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ರೈಲು ನಿಲ್ದಾಣದ ಹೊರಗಿನ ದೊಡ್ಡ ಗಡಿಯಾರದ ಕೆಳಗೆ ನಿಂತಿರುತ್ತೇನೆ. ಕೂದಲು ಕಾಣಿಸುತ್ತಿಲ್ಲವೆಂದು ದಾಟಿಹೋಗಬೇಡ, ತಲೆಯ ಮೇಲೆ ಟೋಪಿ ಇರುತ್ತದೆ.